ನಾಯಕರು ತಿದ್ದಿದ ನಕ್ಷೆ

ಹೆಗ್ಗಲ್ಲುದುರ್ಗದ ಸರ್ಜಪ್ಪನಾಯಕರಿಗೆ ತಿಳಿಯದ ವಿದ್ಯೆಯೇ ಇರಲಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಕುದುರೆ ಕೆಮ್ಮಿದರೆ ಮದ್ದು ಅವರೇ ಹೇಳಬೇಕು, ಸಾರಿಗೆ ಉಪ್ಪು ಅವರೇ ಹಾಕಬೇಕು. ಅಂಥವರು ಹೊಸ ಮನೆ ಕಟ್ಟಿಸಲು ಹೊರಟರು ಅಂದಮೇಲೆ ಕೇಳಬೇಕೆ?

ಶಿಲ್ಪಿ ಸಿದ್ಧಾಚಾರಿ ತಿಂಗಳುಗಟ್ಟಲೆ ಕೂತು ಬಟ್ಟೆಯ ಮೇಲೆ ಮನೆಯ ನಕ್ಷೆ ಬರೆದು ತಂದ. ನಾಯಕರು ಅದನ್ನು ತಲೆಕೆಳಗು ಮಾಡಿ ನೋಡಿದರು, ಆಮೇಲೆ ಅಡ್ಡ ಹಿಡಿದು ನೋಡಿದರು.

"ಏನಯ್ಯಾ ಆಚಾರಿ, ಗೆರೆ ಎಳೆಯುವಾಗ ತೂಕಡಿಸುತ್ತಿದ್ದೆಯಾ? ಗೋಡೆಯೆಲ್ಲ ಅಲ್ಲಲ್ಲಿ ತುಂಡಾಗಿದೆ."

"ಪ್ರಭು, ಅದು..."

"ಅದೂ ಇಲ್ಲ ಇದೂ ಇಲ್ಲ. ನಕ್ಷೆ ಓದೋದು ನನಗೇ ಹೇಳಿಕೊಡ್ತೀಯಾ?"

ನಾಯಕರು ಲೇಖಣಿ ತರಿಸಿ, ತುಂಡಾಗಿದ್ದ ಗೆರೆಗಳನ್ನೆಲ್ಲ ತಾವೇ ಕೂಡಿಸಿ, ಮುದ್ರೆ ಒತ್ತಿಬಿಟ್ಟರು. "ಇದರಲ್ಲಿ ಒಂದು ಗೆರೆ ಹೆಚ್ಚುಕಮ್ಮಿಯಾದರೂ ನೀನು ಸಂಸಾರ ಸಮೇತ ಗಡಿಪಾರು" ಅಂದರು.

ಸಿದ್ಧಾಚಾರಿ ನಕ್ಷೆ ಸುತ್ತಿಕೊಂಡು ಹೊರಗೆ ಬಂದ. ಗೆರೆ ತುಂಡಾಗಿದ್ದ ಜಾಗಗಳೇ ಮನೆಯ ಏಳು ಬಾಗಿಲು. ಬಾಗಿಲು ಬಿಟ್ಟರೆ ಅಪ್ಪಣೆ ಮೀರಿದನೆಂದು ಗಡಿಪಾರು, ಬಿಡದಿದ್ದರೆ ಬಾಗಿಲಿಲ್ಲದ ಮನೆ ಕಟ್ಟಿದನೆಂದು ಗಡಿಪಾರು. ಮನೆಯಲ್ಲಿ ಹೆಂಡತಿ ತುಂಬು ಬಸುರಿ ಬೇರೆ. ಅಳುಮೋರೆ ಹಾಕಿಕೊಂಡು ಆಸ್ಥಾನದ ಓಬಯ್ಯನ ಮನೆಗೆ ಓಡಿದ. ನಾಯಕರನ್ನು ನಗಿಸುವುದೇ ಓಬಯ್ಯನ ಉದ್ಯೋಗ.

ಕತೆ ಕೇಳಿ ಓಬಯ್ಯನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿದ್ಧಾಚಾರಿಗೆ ಮೈ ಉರಿಯಿತು.

"ಸಿಟ್ಟಾಗಬೇಡ ಮಾರಾಯ. ನಾಳೆ ಗುದ್ದಲಿಪೂಜೆ ತಾನೆ? ನಕ್ಷೆಯಲ್ಲಿ ಇದ್ದ ಹಾಗೇ ಸುಣ್ಣದ ಗೆರೆ ಹಾಕು. ಮಿಕ್ಕಿದ್ದು ನನಗೆ ಬಿಡು."

ಆ ಸೀಮೆಯಲ್ಲೊಂದು ಪದ್ಧತಿ. ಪೂಜೆಯ ದಿನ ಯಜಮಾನ ತೆಂಗಿನಕಾಯಿ ಹಿಡಿದು ನಿವೇಶನದ ನಡುವೆ ನಿಲ್ಲಬೇಕು. ಸುತ್ತಲೂ ನೆಲದ ಮೇಲೆ ಸುಣ್ಣದಲ್ಲಿ ಇಡೀ ಮನೆಯ ಗುರುತು ಹಾಕುತ್ತಾರೆ. ಆಮೇಲೆ ಅವನು ಬಾಗಿಲಿನ ಜಾಗದಿಂದಲೇ ಹೊರಗೆ ಬಂದು ಕಾಯಿ ಒಡೆಯಬೇಕು. ಗೆರೆ ದಾಟಿದರೆ ಮನೆ ನಿಲ್ಲುವುದಿಲ್ಲ ಅಂತ ನಂಬಿಕೆ, ನಾಯಕರಿಗಂತೂ ಬಲವಾದ ನಂಬಿಕೆ.

ಮರುದಿನ ನಾಯಕರು ಕಾಯಿ ಹಿಡಿದು ಗತ್ತಿನಿಂದ ನಿಂತರು. ಸಿದ್ಧಾಚಾರಿ ಗೆರೆ ಎಳೆದು ಮುಗಿಸಿದ. ನಾಯಕರು ಮೂಡಲಿಗೆ ನಾಲ್ಕು ಹೆಜ್ಜೆ ಹೋದರು, ಗೆರೆ. ಪಡುವಲಿಗೆ ಹೋದರು, ಗೆರೆ. ಕಾಯಿ ಹಿಡಿದುಕೊಂಡು ಸುತ್ತಿದ್ದೇ ಸುತ್ತಿದ್ದು. ಬಿಸಿಲು ಏರಿತು. ಆಚೆ ಚಪ್ಪರದಲ್ಲಿ ಹೋಳಿಗೆ ಬೇಯುವ ಘಮ ಬಂತು.

"ಓಬಯ್ಯಾ, ಒಂದು ಹೋಳಿಗೆಯಾದರೂ ಈ ಕಡೆ ಕೊಡೋ."

"ನಡುವೆ ಗೋಡೆ ಇದೆಯಲ್ಲ ಪ್ರಭು, ಹೇಗೆ ಕೊಡಲಿ?"

"ಬಾಗಿಲು ಎಲ್ಲಿ ಹಾಳಾಯಿತಯ್ಯಾ ಹಾಗಾದರೆ?"

ಓಬಯ್ಯ ಕೈಮುಗಿದ. "ಆಚಾರಿ ತೂಕಡಿಸುತ್ತಾ ಏಳು ಬಾಗಿಲು ಬಿಟ್ಟಿದ್ದ, ಪ್ರಭು. ತಾವು ಎಚ್ಚರವಾಗಿದ್ದು ಏಳನ್ನೂ ಮುಚ್ಚಿದಿರಿ."

ನಾಯಕರು ಕಾಲಡಿಯ ಗೆರೆ ನೋಡಿದರು. ತಮ್ಮ ಬೆರಳಿನಲ್ಲಿ ಇನ್ನೂ ಉಳಿದಿದ್ದ ಮಸಿ ನೋಡಿದರು.

"ಗೆರೆ ಅಳಿಸು ಆಚಾರಿ" ಅಂದರು ನಾಯಕರು ಮೆಲ್ಲಗೆ.

"ಒಂದು ಗೆರೆ ಹೆಚ್ಚುಕಮ್ಮಿಯಾದರೂ ಗಡಿಪಾರು ಅಂತ ಅಪ್ಪಣೆಯಾಗಿದೆ, ಪ್ರಭು" ಅಂದ ಸಿದ್ಧಾಚಾರಿ.

"ಅಪ್ಪಣೆ ವಾಪಸ್ ತಗೊಂಡೆ ಕಣಯ್ಯಾ. ಮೊದಲು ಹೋಳಿಗೆ ಚಪ್ಪರದ ಕಡೆಯ ಬಾಗಿಲು ಬಿಡು."

ಹೊರಗೆ ಬಂದು ಕಾಯಿ ಒಡೆದು, ಮೂರು ಹೋಳಿಗೆ ಇಳಿದ ಮೇಲೆ ನಾಯಕರಿಗೆ ನಗು ಬಂತು. ತಡೆಯಲಾರದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೈಯ ಕಡಗ ಬಿಚ್ಚಿ ಸಿದ್ಧಾಚಾರಿಗೆ ತೊಡಿಸಿದರು.

"ನಿನಗೇನು ಬೇಕು ಕೇಳು, ಓಬಯ್ಯಾ."

"ಹೆಚ್ಚೇನೂ ಬೇಡ, ಪ್ರಭು. ಮನೆ ಕಟ್ಟಿ ಮುಗಿಯುವ ತನಕ ಆ ಲೇಖಣಿ ನನ್ನ ಹತ್ತಿರ ಇರಲಿ."