ಸುಂಕದ ಕಟ್ಟೆಯಲ್ಲಿ ನೂರಿಪ್ಪತ್ತು ಬೂಟು

“ತಮ್ಮ ಕೆಲಸವನ್ನಷ್ಟೇ ಮಾಡಿದವರಿಗೆ ಕೈಮುಗಿಯುವುದೇಕೆ, ಗುರುಗಳೇ?” ಎಂದು ಶಿಷ್ಯ ಕೇಳಿದ. ಬೆಟ್ಟದ ಮೇಲಿನ ಮಠದಲ್ಲಿ ಊಟ ಮುಗಿಸಿ ಎದ್ದವನಿಗೆ, ಅಡುಗೆಯವರಿಗೆ ಕೈಮುಗಿದು ಬಾ ಎಂದು ಗುರುಗಳು ಹೇಳಿದ್ದರು. ಅದು ಅವನಿಗೆ ಒಪ್ಪಿಗೆಯಾಗಿರಲಿಲ್ಲ.

“ಹೊಟ್ಟೆ ತುಂಬಿದ ಮೇಲೆ ಹುಟ್ಟುವ ಪ್ರಶ್ನೆ ಇದು. ಕೂತುಕೋ” ಎಂದು ಗುರುಗಳು ನಕ್ಕು ಕತೆ ಶುರುಮಾಡಿದರು.

ಬಂದರಿನ ಊರಲ್ಲಿ ಒಬ್ಬ ಪಾದರಕ್ಷೆ ವ್ಯಾಪಾರಿ ಇದ್ದ. ಒಂದು ಧರ್ಮಾಸ್ಪತ್ರೆಯವರು ಅವನ ಬಳಿಗೆ ಬಂದರು. ಪರದೇಶದಲ್ಲಿ ಒಂದು ಬಗೆಯ ಬೂಟು ಮಾಡುತ್ತಾರೆ, ಎಡಗಾಲಿಗೂ ಆಗುತ್ತದೆ, ಬಲಗಾಲಿಗೂ ಆಗುತ್ತದೆ, ಸೊಟ್ಟಗಾದ ಕಾಲು ಯಾವುದೋ ಅದಕ್ಕೆ ಒಂದೇ ಸಾಕು, ಅಂಥವು ನೂರಿಪ್ಪತ್ತು ತಂದುಕೊಡಿ ಎಂದರು. ವರ್ಷಗಟ್ಟಲೆ ಹೊಸ್ತಿಲು ದಾಟದವರು ಅಲ್ಲಿ ಕಾಯುತ್ತಿದ್ದರು. ಊರೆಲ್ಲ ಬೇಡಿ ಕೂಡಿಸಿದ ಹಣ ಬೂಟಿನ ಬೆಲೆಗೆ ಮಾತ್ರ ಸಾಲುತ್ತಿತ್ತು.

ಆ ರಾಜ್ಯದ ಕಟ್ಟಳೆ ಹೀಗಿತ್ತು: ಅಂಥ ಬೂಟು ಒಂಟಿಯಾಗಿ ಬಂದರೆ ಚಿಕಿತ್ಸೆಯ ಸಾಧನ, ಸುಂಕವಿಲ್ಲ. ಜೋಡಿಯಾಗಿ ಬಂದರೆ ಪಾದರಕ್ಷೆ, ಸುಂಕ ಭಾರಿ. ವ್ಯಾಪಾರಿಗೆ ಇದು ಗೊತ್ತಿರಲಿಲ್ಲ. ಅವನೇ ಹಡಗಿನಲ್ಲಿ ಹೋಗಿ ಮಾಲು ತಂದ. ಬೂಟುಗಳು ಬಿಡಿಬಿಡಿಯಾಗಿ ಬಿದ್ದಿದ್ದನ್ನು ಕಂಡು ಅವನ ಕೈ ಸುಮ್ಮನಿರಲಿಲ್ಲ. ಮೂವತ್ತು ವರ್ಷ ಅಂಗಡಿಯಲ್ಲಿ ಕೂತವನು, ಒಂಟಿ ಬೂಟು ಎಂದರೆ ಅವನ ಪಾಲಿಗೆ ಕೆಟ್ಟುಹೋದ ಮಾಲು. ಎರಡೆರಡನ್ನು ಸೇರಿಸಿ ದಾರದಿಂದ ಒಪ್ಪವಾಗಿ ಕಟ್ಟಿದ. ಕಟ್ಟಿ ಮುಗಿಸಿ ತನ್ನ ಅಚ್ಚುಕಟ್ಟನ್ನು ತಾನೇ ಮೆಚ್ಚಿಕೊಂಡ, ಪುಣ್ಯಾತ್ಮ.

ಸುಂಕದ ಕಟ್ಟೆಯಲ್ಲಿ ಮೊದಲನೆಯ ಅಧಿಕಾರಿ ದಾರ ನೋಡಿ ‘ಜೋಡಿ’ ಎಂದು ಬರೆದ. ಎರಡನೆಯವನು ಮೊದಲನೆಯವನ ಬರಹ ನೋಡಿ ಹಾಗೇ ಬರೆದ. ವ್ಯಾಪಾರಿಗೆ ಕಟ್ಟಳೆ ತಿಳಿದದ್ದು ಆಗಲೇ. ಸುಂಕ ಕಟ್ಟದೆ ಮಾಲು ಬಿಡುವುದಿಲ್ಲ. ಕಟ್ಟಲು ಯಾರ ಬಳಿಯೂ ಹಣವಿಲ್ಲ. ಕಾಯುತ್ತಿರುವವರಿಗೆ ಯಾವ ಮುಖ ಇಟ್ಟುಕೊಂಡು ಏನು ಹೇಳುವುದು? ಕೊನೆಗೆ ಹಿರಿಯ ಅಧಿಕಾರಿಯ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದ.

“ಈಗಲೇ ದಾರ ಬಿಚ್ಚಿಬಿಡುತ್ತೇನೆ, ಸ್ವಾಮಿ” ಎಂದ.

“ಬಿಚ್ಚಬೇಡಿ. ಹೇಗೆ ತಂದಿದ್ದೀರೋ ಹಾಗೆಯೇ ನೋಡುತ್ತೇನೆ” ಎಂದ ಅಧಿಕಾರಿ.

ಅವನು ತನ್ನ ಚಪ್ಪಲಿ ಕಳಚಿದ. ಒಂದು ಬೂಟನ್ನು ಎಡಗಾಲಿಗೆ ಹಾಕಿದ, ಅದನ್ನೇ ಬಲಗಾಲಿಗೆ ಹಾಕಿದ. ಅದರ ಜೊತೆಯದನ್ನೂ ಹಾಗೆಯೇ ಹಾಕಿ ನೋಡಿದ. ತನ್ನ ಕಾಲಿಗೆ ಹಿಡಿಸದವನ್ನು ಕಾಗದದ ಮೇಲಿಟ್ಟು ಅಡಿಯ ಸುತ್ತ ಗೆರೆ ಎಳೆದು ನೋಡಿದ. ಕಟ್ಟೆಯ ಗುಮಾಸ್ತರು ಮುಸಿಮುಸಿ ನಕ್ಕರು. ಮಧ್ಯಾಹ್ನದ ಊಟಕ್ಕೆ ಕರೆ ಬಂತು, ಅವನು ಏಳಲಿಲ್ಲ. ಸಂಜೆಯ ಹೊತ್ತಿಗೆ ಅರವತ್ತು ಕಟ್ಟುಗಳೂ ಮುಗಿದವು. ಆಗ ಬರೆದ: ‘ಎರಡೆರಡಾಗಿ ಕಟ್ಟಿದೆ, ನಿಜ. ಆದರೆ ಇವುಗಳಲ್ಲಿ ಎಡ ಬಲ ಇಲ್ಲ. ದಾರ ಸುತ್ತಿದ ಮಾತ್ರಕ್ಕೆ ಇವು ಜೋಡಿಯಲ್ಲ. ಸುಂಕವಿಲ್ಲ.’

ವ್ಯಾಪಾರಿಗೆ ಕಣ್ಣು ತುಂಬಿ ಬಂತು. ಏನಾದರೂ ಕೊಡಬೇಕೆಂದು ತಡಕಾಡಿದ. ಅಧಿಕಾರಿ ಬೇಡವೆಂದು ಕೈಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ಆಮೇಲೆ ವ್ಯಾಪಾರಿ ಆ ದಾರಿಯಲ್ಲಿ ಹೋದಾಗಲೆಲ್ಲ ಸುಂಕದ ಕಟ್ಟೆಯ ಮುಂದೆ ನಿಂತು ಕೈಮುಗಿಯುತ್ತಿದ್ದ. ಅಧಿಕಾರಿ ಕೆಲಸದಿಂದ ನಿವೃತ್ತನಾದ ಮೇಲೂ ಅದನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಒಳ್ಳೆಯವನೇ, ಇಲ್ಲವೆನ್ನುವುದಿಲ್ಲ. ಆದರೂ ಅವನು ಮಾಡಿದ್ದು ತನ್ನ ಕೆಲಸವನ್ನೇ ತಾನೆ?” ಎಂದ.

“ಹೌದಪ್ಪ, ತನ್ನ ಕೆಲಸವನ್ನೇ ಮಾಡಿದ, ಆ ಬೂಟುಗಳಲ್ಲಿ ಒಂದನ್ನು ಹಾಕಿಕೊಂಡೇ ನಿನ್ನ ತಾಯಿ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಈ ಬೆಟ್ಟ ಹತ್ತಿ ಬಂದಳು” ಎಂದರು ಗುರುಗಳು.