ಅರಳಪ್ಪ ಹೇಳದೆ ಹೋದ ಮಾತು

ಲೋಕ ಆಗ ತಾನೇ ಆಗಿತ್ತು. ಆಕಾಶ ಮುಟ್ಟಿದರೆ ನೀಲಿ ಕೈಗೆ ಅಂಟುತ್ತಿತ್ತು, ಅಷ್ಟು ಹೊಸದು. ಮರಗಳೆಲ್ಲ ಬೇರು ಎತ್ತಿ ಕಟ್ಟಿಕೊಂಡು ಬೇಕಾದ ಕಡೆ ನಡೆದಾಡುತ್ತಿದ್ದವು. ಅರಳಿ ಎಲೆಗೆ ಆಗ ಈ ಉದ್ದನೆಯ ಬಾಲ ಇರಲಿಲ್ಲ, ಈ ನಡುಕವೂ ಇರಲಿಲ್ಲ. ಅಂಗೈಯ ಹಾಗೆ ದುಂಡಗೆ, ತೆಪ್ಪಗೆ ಇರುತ್ತಿತ್ತು.

ಹೊಳೆದಂಡೆಯಲ್ಲಿ ಒಬ್ಬಳು ಅರಳಿ ತಾಯಿ. ಅವಳಿಗೊಬ್ಬ ಮಗ, ಅರಳಪ್ಪ. ಕೆಂಪು ಚಿಗುರು, ಎಳೆ ಪ್ರಾಯ, ದೃಷ್ಟಿ ತಾಗುವ ಹಾಗಿದ್ದ. ಅವನ ಕಾಯಿಗಳೊಳಗೆ ಚುಕ್ಕಕ್ಕ ಎಂಬ ಹುಳ ಸಂಸಾರ ಹೂಡಿದ್ದಳು. ಎಳ್ಳಿಗಿಂತ ಸಣ್ಣವಳು, ಮಾತು ಮಾತ್ರ ಊರಗಲ.

ಅರಳಿಯ ಹೂ ಅರಳುವುದು ಕಾಯಿಯ ಒಳಗೇ ಅಲ್ಲವೇ? ಆ ಕಾಯಿಗೆ ಸೂಜಿಯ ಕಣ್ಣಿನಷ್ಟು ಬಾಗಿಲು. ಅದರಲ್ಲಿ ನುಸುಳಿ ಒಳಗಿನ ಹೂಗಳನ್ನೆಲ್ಲ ಮಾತಾಡಿಸಬಲ್ಲವಳು ಚುಕ್ಕಕ್ಕ ಒಬ್ಬಳೇ. ಅವಳು ಮುಟ್ಟಿದರೆ ಬೀಜ, ಇಲ್ಲದಿದ್ದರೆ ಇಲ್ಲ. ಪಾಪ, ಅರಳಪ್ಪನಿಗೆ ಇದೆಲ್ಲಿ ಗೊತ್ತು? ಬೀಜ ತನ್ನ ಪಾಡಿಗೆ ತಾನೇ ಆಗುತ್ತದೆ ಅಂದುಕೊಂಡಿದ್ದ.

ಒಂದು ದಿನ ಪಡುವಣ ಗಾಳಿ ಬಂದು ಅವನ ಕಿವಿಯಲ್ಲಿ ಊದಿತು. ಕಡಲಾಚೆ ಒಂದು ದ್ವೀಪವಿದೆಯಂತೆ, ಅಲ್ಲಿ ಒಂದೇ ಒಂದು ಅರಳಿಯೂ ಇಲ್ಲವಂತೆ. ಅರಳಪ್ಪನ ತಲೆಗೆ ಅದೇ ಹತ್ತಿತು. ಆ ದ್ವೀಪದ ತುಂಬ ತನ್ನ ಮಕ್ಕಳು ಮರಿಗಳೇ ನಿಲ್ಲಬೇಕು ಎಂದು ಕನಸು ಕಟ್ಟಿದ.

ಕಡಲಪ್ಪ ಹೊತ್ತುಕೊಂಡು ಹೋಗಲು ಒಪ್ಪಿದ. ಉಬ್ಬರದ ನೀರು ಇಳಿಯುವ ಮುಂಚೆ ಬರಬೇಕು, ಹೊರೆ ಕಡಿಮೆ ಇರಬೇಕು ಎಂದ. ಕಡಲಪ್ಪನ ಸ್ವಭಾವವೇ ಹಾಗೆ. ಹೇಳಿದಷ್ಟನ್ನು ಮಾಡುತ್ತಾನೆ, ಹೇಳದ್ದನ್ನು ಮಾಡುವುದಿಲ್ಲ.

ಚುಕ್ಕಕ್ಕ ಒಂದು ದಿನ ತಡೆಯಲು ಕೇಳಿಕೊಂಡಳು. ಮಕ್ಕಳು ಇನ್ನೂ ಕಾಯೊಳಗೆ ಮಲಗಿವೆ, ಎದ್ದ ಮೇಲೆ ಎಲ್ಲರೂ ಜೊತೆಗೇ ಬರುತ್ತೇವೆ ಎಂದಳು. ನೀರು ಆಗಲೇ ಇಳಿಯುವುದರಲ್ಲಿತ್ತು. ಅರಳಪ್ಪ ಮೈ ಕೊಡವಿ ಕಾಯಿಗಳನ್ನೆಲ್ಲ ಉದುರಿಸಿಬಿಟ್ಟ. ಅಯ್ಯೋ, ಮಲಗಿದ್ದ ಕೂಸುಗಳ ಸಮೇತ ಉದುರಿಸಿಬಿಟ್ಟ.

ಆಗಲೂ ಮನೆಯಿಂದ ಹೊರಡುವವರು 'ಬರ್ತೀನಿ' ಅನ್ನುತ್ತಿದ್ದರು, ಮನೆಯಲ್ಲಿ ಉಳಿದವರು 'ಹೋಗಿ ಬಾ' ಅನ್ನುತ್ತಿದ್ದರು. ಅವರು ಅನ್ನದೆ ಇವರು ಅನ್ನುವ ಹಾಗಿಲ್ಲ. ಅವ್ವ 'ಹೋಗಿ ಬಾ' ಎನ್ನಲು ಬಾಯಿ ತೆರೆದು ಕಾದಳು.

ಅರಳಪ್ಪ ತಿರುಗಿಯೂ ನೋಡಲಿಲ್ಲ. "ಅವ್ವಾ, ನಾನು ಹೋಗ್ತೀನಿ" ಅಂದ. ಹೋದ.

ದ್ವೀಪದ ಮಣ್ಣು ಸೊಗಸಾಗಿತ್ತು. ಅರಳಪ್ಪ ಬೇರು ಇಳಿಸಿದ, ಎತ್ತರವಾದ, ಮೈತುಂಬ ಕಾಯಿ ಬಿಟ್ಟ. ಅಲ್ಲಿನ ಜೇನು ಬಂತು, ಬಾಗಿಲಲ್ಲಿ ತಲೆ ಹಿಡಿಸಲಿಲ್ಲ, ಹೋಯಿತು. ಇರುವೆ ಬಂತು, ಹಿಡಿಸಲಿಲ್ಲ, ಹೋಯಿತು. ಒಳಗಿನ ಹೂಗಳು ಯಾರೂ ಮಾತಾಡಿಸದೆ ಒಣಗಿದವು. ಹಣ್ಣು ಬಿಡಿಸಿದರೆ ಒಂದು ಬೀಜವಿಲ್ಲ. ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ.

ಆಗ ಅವನಿಗೆ ಚುಕ್ಕಕ್ಕನ ಬೆಲೆ ತಿಳಿಯಿತು. ತಾನು ಉದುರಿಸಿದ ಕಾಯಿಗಳು ಕಣ್ಣಿಗೆ ಕಟ್ಟಿದವು. ತನ್ನನ್ನು ಊರಿಗೆ ಬಿಡು ಎಂದು ಕಡಲಪ್ಪನ ಕಾಲಿಗೆ ಬಿದ್ದ.

"ಹೋಗ್ತೀನಿ ಅಂದೆ, ತಂದು ಬಿಟ್ಟೆ," ಎಂದ ಕಡಲಪ್ಪ. "ಬರ್ತೀನಿ ಅನ್ನಲಿಲ್ಲವಲ್ಲ ತಮ್ಮಾ. ಆ ಮಾತು ಹೇಳಿದ್ದರೆ ವಾಪಸು ದಾರಿ ಅಂದೇ ಇಟ್ಟಿರುತ್ತಿದ್ದೆ."

ನಡೆದೇ ಹೋಗೋಣವೆಂದರೆ ಬೇರು ಬಂಡೆಯೊಳಗೆ ಕಚ್ಚಿಕೊಂಡಿತ್ತು. ಕೊನೆಗೆ ಗಾಳಿಯನ್ನೇ ಚುಕ್ಕಕ್ಕನ ಹತ್ತಿರ ಕಳಿಸಿದ. ತಪ್ಪಾಯಿತು, ಬಾ ಎಂದು ಹೇಳಿ ಕಳಿಸಿದ.

ಗಾಳಿ ಒಂಟಿಯಾಗಿ ಬಂತು. ಚುಕ್ಕಕ್ಕ ಎಂದೋ ತೀರಿಹೋಗಿದ್ದಳು, ಅವಳ ಆಯುಷ್ಯವೇ ಅಷ್ಟು. ಅವಳ ಮರಿಮಗಳೊಬ್ಬಳು ಪಾಪ ಅನ್ನಿಸಿ ಹೊರಟಿದ್ದಳಂತೆ. ನಡುಗಡಲಲ್ಲೇ ಅವಳ ಆಯುಷ್ಯಕ್ಕೂ ಸಂಜೆಯಾಯಿತಂತೆ.

"ಅವ್ವ ಹೇಗಿದ್ದಾಳೆ?" ಅರಳಪ್ಪ ಕೇಳಿದ.

"ಇನ್ನೂ ಅಲ್ಲೇ ನಿಂತಿದ್ದಾಳೆ ಕಣಪ್ಪಾ. 'ಹೋಗಿ ಬಾ' ಅನ್ನೋ ಮಾತು ನಾಲಿಗೆ ತುದೀಲೇ ಉಳಿದುಬಿಟ್ಟಿದೆ. ಅದನ್ನ ಹೇಳೋಕೆ ಹೋಗಿ ಹೋಗಿ ಅವಳ ಎಲೆಗೆಲ್ಲ ನಾಲಿಗೆ ಉದ್ದ ಬಂದಿದೆ."

ಅರಳಪ್ಪ ಅತ್ತ. ಊರಿನ ಕಡೆ ಮುಖ ಮಾಡಿ, ಅಂದೇ ಹೇಳಬೇಕಾಗಿದ್ದ ಆ ಒಂದು ಮಾತನ್ನು ಹೇಳಲು ಶುರು ಮಾಡಿದ. ಹೇಳುತ್ತ ಹೇಳುತ್ತ ಅವನ ಎಲೆಗಳಿಗೂ ನಾಲಿಗೆ ಉದ್ದವಾಯಿತು.

ಅದಕ್ಕೇ ನೋಡು ಪುಟ್ಟಾ, ಬೇರೆ ಯಾವ ಮರದ ಎಲೆಯೂ ಅಲ್ಲಾಡದ ಮಧ್ಯಾಹ್ನದಲ್ಲೂ ನಮ್ಮ ಕಟ್ಟೆಯ ಅರಳಿ ಎಲೆ ಬಾಲ ಅಲುಗಿಸುತ್ತ 'ಹೋಗಿ ಬಾ, ಹೋಗಿ ಬಾ' ಅನ್ನುತ್ತಿರುತ್ತದೆ, ಕಡಲಾಚೆ ಬೀಜವಿಲ್ಲದ ಹಣ್ಣು ಹೊತ್ತ ಅರಳಿ ಇವತ್ತಿಗೂ 'ಬರ್ತೀನಿ, ಬರ್ತೀನಿ' ಅನ್ನುತ್ತಲೇ ಇದೆ.