ನೆಗೆಣ್ಣಿ ಗುಡ್ಡಕ್ಕೆ ಆ ಹೆಸರು ಬಂದದ್ದು

ಕರ್ಕಿಹಾಳದಿಂದ ಬಡಗಣ ದಿಕ್ಕಿಗೆ ಎರೆಹೊಲಗಳನ್ನು ದಾಟಿ ಒಂದು ಹರಿದಾರಿ ನಡೆದರೆ, ಹುಲ್ಲುಗಾವಲಿನ ನಡುವೆ ಒಂದು ಬೋಳು ಗುಡ್ಡ ಸಿಗುತ್ತದೆ. ದೊಡ್ಡದೇನಲ್ಲ, ಹೊಟ್ಟೆ ತುಂಬ ಉಂಡು ಹೊರಟವನಿಗೂ ಏದುಸಿರು ಬಾರದಷ್ಟು ಎತ್ತರ. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ, ಬರಹದ ಕಲ್ಲೂ ಇಲ್ಲ. ಹೆಸರು ಮಾತ್ರ ವಿಚಿತ್ರ: ನೆಗೆಣ್ಣಿ ಗುಡ್ಡ. ಅಣ್ಣತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ನೆಗೆಣ್ಣಿಯರಾಗುತ್ತಾರಷ್ಟೆ. ಹಾಗಾಗಿ ಹೊಸದಾಗಿ ಬಂದವರು ಇದರ ಜೋಡಿ ಗುಡ್ಡ ಎಲ್ಲಿದೆ ಎಂದು ಸುತ್ತಲೂ ಕಣ್ಣು ಹಾಯಿಸುತ್ತಾರೆ. ಜೋಡಿಯಿಲ್ಲ, ಇರುವುದು ಒಂದೇ. ಜಗಳವಾಡುತ್ತ ನಿಂತ ಇಬ್ಬರು ಹೆಂಗಸರು ಇಲ್ಲಿ ಕಲ್ಲಾದರು ಎಂದು ಕೆಲವರು ಹೇಳುವುದುಂಟು. ಅದು ಸುಳ್ಳು. ಈ ಸೀಮೆಯಲ್ಲಿ ಯಾರೂ ಕಲ್ಲಾಗಿಲ್ಲ; ಕುರಿ ಕಾಯುವವರಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು?

ಹಿಂದೆ ಒಮ್ಮೆ, ಈ ಕಾವಲಿನಲ್ಲಿ ಹುಲ್ಲು ಆಳುದ್ದ ಬೆಳೆಯುತ್ತಿದ್ದ ಕಾಲದಲ್ಲಿ, ಕರ್ಕಿಹಾಳದ ಕುರುಬರ ಒಂದು ಮನೆಯಲ್ಲಿ ಅಮೋಗೆಪ್ಪ, ಮಾಳಪ್ಪ ಎಂಬ ಅಣ್ಣತಮ್ಮಂದಿರು ಬೇರೆಯಾದರು. ಅವರ ತಾಯಿ ಸಾತವ್ವ ಇನ್ನೂ ಗಟ್ಟಿಯಾಗಿದ್ದಳು; ಹಿಂಡನ್ನು ಅವಳೇ ನಿಂತು ಹಂಚಿದಳು. ಆ ಕಾಲದ ಕುರುಬರಲ್ಲಿ ಇಬ್ಬರು ಬೇರೆಯಾದರೆ ಹಿಂಡಿಗೆ ಮೂರು ಪಾಲು ಮಾಡುತ್ತಿದ್ದರು ಎನ್ನುತ್ತಾರೆ. ಅಣ್ಣನಿಗೊಂದು, ತಮ್ಮನಿಗೊಂದು, ಮೂರನೆಯದು ಹತ್ತೋ ಹನ್ನೆರಡೋ ಕುಂಟು, ಸೊರಗು, ಕೆಮ್ಮುವ ಕುರಿಗಳ ಸಣ್ಣ ಪಾಲು. ಅದು ಗುಡ್ಡದ ತೋಳದ್ದು. ಆ ಕುರಿಗಳ ಕಿವಿ ಕತ್ತರಿಸಿ ಗುರುತು ಮಾಡಿ, ಯಾರಾದರೊಬ್ಬರ ಹಿಂಡಿನ ಜೊತೆಗೆ ಬಿಡುತ್ತಿದ್ದರು. ಅವನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ತೋಳ ಬಂದರೆ ನಾಯಿ ಬಿಡುವಂತಿಲ್ಲ. ಮುಂದೆಯೂ ಹಿಂಡಿನಲ್ಲಿ ಯಾವುದು ಕುಂಟಿತೋ ಅದರ ಕಿವಿ ಕತ್ತರಿಸಿ ಆ ಪಾಲಿಗೆ ಸೇರಿಸುತ್ತಿದ್ದರು.

ಹಿರಿಯ ಸೊಸೆ ಲಗಮವ್ವನನ್ನು ಸಾತವ್ವ ಮೊದಲು ಕೇಳಿದಳು. ಲಗಮವ್ವ ಮೂಗು ಮುರಿದು, "ಆ ರೋಗದ ಕುರಿ ನನಗ ಬ್ಯಾಡ. ಬಾಳವ್ವ ಇಟಗೊಳ್ಳಲಿ, ಅಕಿಗಿ ಬಾಳ ಪುಣ್ಯದ ಹಂಬಲ ಐತಿ" ಎಂದಳು. ಕಿರಿಯ ಸೊಸೆ ಬಾಳವ್ವ ಹೂಂ ಎಂದು ಮೂರನೆಯ ಪಾಲನ್ನು ತನ್ನ ಹಿಂಡಿಗೆ ಸೇರಿಸಿಕೊಂಡಳು. ಅವಳು ಹೂಂಗುಟ್ಟಿದ ಕ್ಷಣದಿಂದಲೇ ಲಗಮವ್ವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ತಾನೇ ಬೇಡವೆಂದದ್ದು ನಿಜ. ಆದರೂ ಮೂರು ಪಾಲಿನಲ್ಲಿ ಎರಡು ಪಾಲು ಅವಳ ಹಿಂಡಿಗೇ ಹೋಯಿತಲ್ಲ!

ಲಗಮವ್ವನಿಗೆ ಬೇರೆ ಕೆಲಸವಿರಲಿಲ್ಲವೆಂದಲ್ಲ. ಉಣ್ಣೆ ಹಿಂಜುವುದು, ಹಾಲು ಕಾಯಿಸುವುದು, ಮರಿಗಳಿಗೆ ಸೊಪ್ಪು ತರುವುದು ಎಲ್ಲವೂ ಇತ್ತು. ಆದರೆ ಕೈ ಇಲ್ಲಿದ್ದರೆ ಕಣ್ಣು ಬಾಳವ್ವನ ಹಟ್ಟಿಯಲ್ಲಿ. ಅಲ್ಲಿ ನಡೆಯುತ್ತಿದ್ದುದು ಇಷ್ಟೇ: ಹಿಂಡು ಮೇಯುತ್ತ ಮುಂದೆ ಹೋದರೆ ಕುಂಟುವವು ಹಿಂದೆ ಉಳಿಯುತ್ತಿದ್ದವು, ಗುಡ್ಡದ ಗವಿಯಿಂದ ಹೆಣ್ಣುತೋಳ ಇಳಿದು ಬಂದು ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಿತ್ತು, ಬಾಳವ್ವ "ತೋಳ ಮುಟ್ಟಿದ್ದು ತೋಳಕ್ಕ" ಎಂದು ಉಳಿದವನ್ನು ಹೊಡೆದುಕೊಂಡು ಮುಂದೆ ಹೋಗುತ್ತಿದ್ದಳು. ಉಳಿದವು ದುಂಡಗೆ ಬೆಳೆದು, ಮೈತುಂಬ ಉಣ್ಣೆ ಹೊತ್ತು, ಜೋಡಿಮರಿ ಹಾಕುತ್ತಿದ್ದವು. ಲಗಮವ್ವನೋ ಒಂದು ಸೊರಗು ಮರಿಯನ್ನೂ ಬಿಟ್ಟುಕೊಡದವಳು. ಕೆಮ್ಮುವುದನ್ನೂ ಕಜ್ಜಿ ಹತ್ತಿದ್ದನ್ನೂ ಹಿಂಡಿನ ನಟ್ಟನಡುವೆ ಇಟ್ಟು, ಸುತ್ತ ನಾಯಿ ಕಾವಲು ಹಾಕುತ್ತಿದ್ದಳು. ನಡುವೆ ಇದ್ದ ಕಜ್ಜಿ ನಾಲ್ಕೂ ಕಡೆ ಹಬ್ಬಿತು. ಮೂರು ವರ್ಷದಲ್ಲಿ ಅವಳ ಹಿಂಡು ಅರ್ಧವಾಯಿತು, ಬಾಳವ್ವನದು ಒಂದೂವರೆ ಪಟ್ಟಾಯಿತು. ಲಗಮವ್ವ ಇದರ ಅರ್ಥವನ್ನು ತನ್ನ ಅಳತೆಗೆ ತಕ್ಕಂತೆ ಮಾಡಿಕೊಂಡಳು. "ಆ ತೋಳ ಅಕೀದು. ಕುಂಟು ಕುರಿ ತಿನಿಸಿ ಸಾಕ್ಯಾಳ. ನನ್ನ ಹಿಂಡಿನ ಮ್ಯಾಲ ಕಣ್ಣು ಹಾಕಾಕ ಇಟಗೊಂಡಾಳ" ಎಂದು ಗಂಡನ ಮುಂದೆ ಹಲ್ಲು ಕಡಿದಳು. ಅಮೋಗೆಪ್ಪ ಕಂಬಳಿ ಎಳೆದುಕೊಂಡು ಮಗ್ಗುಲಾದ. ಹೆಂಡತಿಯ ಮಾತಿಗೆ ಅವನ ಉತ್ತರ ಯಾವಾಗಲೂ ಅದೇ.

ಉಣ್ಣೆ ಕತ್ತರಿಸುವ ದಿನ ಗಂಡಸರೆಲ್ಲ ಹಳ್ಳದ ದಂಡೆಗೆ ಹೋದಾಗ, ಲಗಮವ್ವ ಒಂದು ಬುಟ್ಟಿ ಕುಳ್ಳು, ಮಡಿಲು ತುಂಬ ಒಣಮೆಣಸಿನಕಾಯಿ ಕಟ್ಟಿಕೊಂಡು ಹಾಡಹಗಲೇ ಗುಡ್ಡ ಹತ್ತಿದಳು. ಗವಿಯ ಬಾಯಲ್ಲಿ ಬೆಂಕಿ ಹಾಕಿದಳು. ಒಳಗೆ ಮರಿಗಳು ಕುಂಯ್‌ಗುಟ್ಟಿದ್ದು ಅವಳಿಗೆ ಕೇಳಿಸಿತು ಎನ್ನುತ್ತಾರೆ. ಕೇಳಿಸಿದರೂ ಕೈ ನಿಲ್ಲಲಿಲ್ಲ. ಸುತ್ತಲಿನ ಕಲ್ಲುಗಳನ್ನೆಲ್ಲ ಉರುಳಿಸಿ ತಂದು ಬಾಯಿ ಮುಚ್ಚಿದಳು. ಬೇಟೆಗೆ ಹೋಗಿದ್ದ ತೋಳ ಮೂರು ದಿನ ಗುಡ್ಡ ಸುತ್ತಿ ಊಳಿಟ್ಟು ಹೊಳೆಯಾಚೆ ಹೋಯಿತು. ಆ ಮೂರು ದಿನವೂ ಲಗಮವ್ವ ಚೆನ್ನಾಗಿ ನಿದ್ದೆ ಮಾಡಿದಳು.

ಮೊದಲ ವರ್ಷ ಯಾರ ಹಿಂಡಿನಿಂದಲೂ ಒಂದು ಮರಿಯೂ ತೋಳದ ಪಾಲಾಗಲಿಲ್ಲ. ಲಗಮವ್ವ ಎದೆ ಸೆಟೆಸಿ ತಿರುಗಿದಳು. ಎರಡನೆಯ ವರ್ಷ ಕಾವಲಿನಲ್ಲಿ ಎಲ್ಲಿ ಕಾಲಿಟ್ಟರೂ ಮೊಲ, ಎಲ್ಲಿ ನೋಡಿದರೂ ಚಿಗರಿ ಜಿಂಕೆಗಳ ಹಿಂಡು. ಹುಲ್ಲು ಮೊಳಕೆಯಲ್ಲೇ ಬೋಳಾಯಿತು. ಬಿಳಿಜೋಳದ ಹೊಲಗಳೂ ಬೋಳಾದವು. ಕಟಾವಿನ ಮೇಲೆ ಹೊಲದಲ್ಲಿ ಕುರಿ ಕೂಡಿಸಿ ಗೊಬ್ಬರ ಮಾಡಿಸಿಕೊಂಡು, ಬದಲಿಗೆ ಜೋಳ ಕೊಡುತ್ತಿದ್ದ ಒಕ್ಕಲಿಗರು, ತಮಗೇ ಜೋಳವಿಲ್ಲವೆಂದು ಕೈ ಅಲ್ಲಾಡಿಸಿದರು. ಮೂರನೆಯ ವರ್ಷ ಬಾಳವ್ವನ ಹಿಂಡಿಗೂ ಕಜ್ಜಿ ಬಂತು. ಹಿಂದೆ ಉಳಿದ ಕುಂಟು ಕುರಿಗಳನ್ನು ಈಗ ಯಾರೂ ಒಯ್ಯುತ್ತಿರಲಿಲ್ಲ. ಅವು ಸಂಜೆಗೆ ಮೆಲ್ಲಗೆ ಬಂದು ಹಿಂಡು ಸೇರಿಕೊಳ್ಳುತ್ತಿದ್ದವು. ಬಾಳವ್ವನ ದುಂಡು ಟಗರು ತುಪ್ಪಟ ಉದುರಿಸಿಕೊಂಡು ನಿಂತದ್ದನ್ನು ನೋಡಿ ಲಗಮವ್ವನಿಗೆ ಏನಾಯಿತು? ಹೇಳಬಾರದು, ಆದರೂ ಹೇಳುತ್ತೇನೆ. ಸಂತೋಷವಾಯಿತು. ತನ್ನ ಹಟ್ಟಿಯಲ್ಲಿ ಹದಿನಾಲ್ಕೇ ಕುರಿ ಉಳಿದಿದ್ದವು. ಅವೂ ಹೋದರೆ ಮನೆಯವರೆಲ್ಲ ಕೂಲಿಗೆ ನಿಲ್ಲಬೇಕಾಗಿತ್ತು. ಆದರೂ ಆ ಹೊತ್ತಿಗೆ ಸಂತೋಷವೇ ಆಯಿತು.

ಆ ಸಂತೋಷ ಒಂದು ವಾರವೂ ಉಳಿಯಲಿಲ್ಲ. ಇರುವ ಕುರಿ ಹೊಡೆದುಕೊಂಡು ಹೊಳೆ ದಾಟಿ ಹೋಗುವುದೆಂದು ಮಾಳಪ್ಪ ತೀರ್ಮಾನಿಸಿದ. ಬಾಳವ್ವ ಗಂಟು ಕಟ್ಟತೊಡಗಿದಳು. ಲಗಮವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾಳೆ ಎದ್ದು ಯಾರ ಹಟ್ಟಿ ನೋಡುವುದು? ಯಾರಿಗಿಂತ ಒಂದು ಮರಿ ಹೆಚ್ಚಾಯಿತೆಂದು ಲೆಕ್ಕ ಹಿಡಿಯುವುದು? ಅವಳು ಸೀದಾ ಹೋಗಿ ಅತ್ತೆಯ ಕಾಲ ಬಳಿ ಕುಳಿತು, ತಾನು ಮಾಡಿದ್ದನ್ನೆಲ್ಲ ಹೇಳಿಬಿಟ್ಟಳು.

ಸಾತವ್ವ ಬೈಯಲಿಲ್ಲ. ಹೀಗೆಂದಳು ಎನ್ನುತ್ತಾರೆ: "ಹುಚ್ಚಿ, ಬಿಸಲು ಹುಲ್ಲಿನ ಹೊಟ್ಟಿಗಿ ಹೋಗತೈತಿ. ಹುಲ್ಲು ಕುರಿ ಹೊಟ್ಟಿಗಿ, ಮೊಲದ ಹೊಟ್ಟಿಗಿ. ಹತ್ತು ಹೇರು ಹುಲ್ಲು ತಿಂದು ಕುರಿ ಒಂದು ಹೇರಿನಷ್ಟೂ ಬೆಳೆಯೂದಿಲ್ಲ. ಉಳಿದದ್ದು ನಡದಾಡಿ, ಉಸರಾಡಿ ತೀರತೈತಿ. ಅದಕ್ಕ ಇಷ್ಟು ದೊಡ್ಡ ಕಾವಲಿಗಿ ತೋಳದ ಮನಿ ಒಂದ. ಅವರ ಪಾಲು ಎಲ್ಲಾರಕಿಂತ ಸಣ್ಣದು. ಆ ಸಣ್ಣ ಪಾಲು ನೀ ಕೊಡಲಿಲ್ಲ, ದೊಡ್ಡ ಪಾಲು ಮೊಲ ತಿಂದು ಹ್ವಾದವು. ನಾವು ಮೂರು ಮನಿ ಒಂದ ಒಲಿ ಮ್ಯಾಲ ಉಣ್ಣಾವರು, ಆ ತೋಳಾನೂ ನಿನಗ ನೆಗೆಣ್ಣಿನ."

ಮರುದಿನ ಲಗಮವ್ವ ಒಬ್ಬಳೇ ಗುಡ್ಡ ಹತ್ತಿ, ಉಗುರು ಕಿತ್ತುಹೋಗುವಂತೆ ಕಲ್ಲು ತೆಗೆದಳು. ಒಳಗೆ ಮೂರು ಸಣ್ಣ ತಲೆಬುರುಡೆಗಳಿದ್ದವು. ಅವನ್ನು ಮಡಿಲಲ್ಲಿಟ್ಟುಕೊಂಡು, ಹೆತ್ತವರು ಅಳುವ ಹಾಗೆ ಅತ್ತಳು. ಆಮೇಲೆ ಇಳಿದು ಬಂದು ಬಾಳವ್ವನ ಬಾಗಿಲಿಗೆ ಅಡ್ಡ ನಿಂತು, "ಒಂದು ಮಳಿಗಾಲ ತಡೀ. ತೋಳ ಬರಲಿಲ್ಲಂದರ ನನ್ನ ಹದಿನಾಕೂ ಕುರಿ ನಿನಗ, ಎಲ್ಲಿ ಬೇಕಾದಲ್ಲಿ ಹೋಗು" ಎಂದಳು. ಬಾಳವ್ವ ಗಂಟು ಕೆಳಗಿಟ್ಟು, "ಆತು ಅಕ್ಕಾ" ಎಂದಳಷ್ಟೆ. ಅಂದಿನಿಂದ ಲಗಮವ್ವ ಕಿವಿ ಕತ್ತರಿಸಿದ ತನ್ನ ಕುರಿಯೊಂದನ್ನು ದಿನವೂ ಗುಡ್ಡದ ಬುಡದಲ್ಲಿ ಬಿಟ್ಟು, ದೂರ ಕುಳಿತು ದಾರಿ ಕಾಯುತ್ತಿದ್ದಳು. ಸಂಜೆಗೆ ಕುರಿ ಹಾಗೇ ಇರುತ್ತಿತ್ತು. ಮತ್ತೆ ಹೊಡೆದುಕೊಂಡು ಬರುತ್ತಿದ್ದಳು.

ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ ಒಂದು ಬೆಳಿಗ್ಗೆ ಹೊಳೆಯ ಕಡೆಯಿಂದ ತೋಳ ಬಂತು. ಲಗಮವ್ವ ಎದ್ದು ನಿಂತಳು. ತೋಳ ಅವಳ ಕುರಿಯನ್ನು ಮೂಸಿ ನೋಡಿತು, ದಾಟಿಕೊಂಡು ಮುಂದೆ ಹೋಯಿತು, ಆಚೆ ಮೇಯುತ್ತಿದ್ದ ಬಾಳವ್ವನ ಹಿಂಡಿನಿಂದ ಒಂದು ಕುಂಟು ಮರಿಯನ್ನು ಎತ್ತಿಕೊಂಡು ಗವಿಗೆ ಏರಿತು. ಹಿಂಡು ಉಳಿಯಿತು, ಕಾವಲು ಉಳಿಯಿತು, ಬಾಳವ್ವ ಇನ್ನು ಎಲ್ಲಿಗೂ ಹೋಗುವುದಿಲ್ಲ. ಕೈಮುಗಿಯಬೇಕಾದ ಲಗಮವ್ವ ಗುಡ್ಡದ ಕಡೆ ತಿರುಗಿ, ಇಡೀ ಕಾವಲಿಗೆ ಕೇಳುವಂತೆ ಕೂಗಿದಳು: "ಏ ನೆಗೆಣ್ಣೀ! ಮತ್ತ ಅಕಿ ಮನಿಗೇ ಮೊದಲು ಹ್ವಾದ್ಯಾ? ನನ್ನ ಕುರಿಗೇನ ಕಡಿಮಿ ಆಗಿತ್ತು?"

ಗುಡ್ಡಕ್ಕೆ ಹೆಸರು ಬಂದದ್ದು ಆ ಕೂಗಿನಿಂದ. ಇಂದಿಗೂ ಅಲ್ಲಿಗೆ ಹೋದವರು ಗವಿಯ ಬಾಯಿ ಅಗಲವಾಗಿ ತೆರೆದಿರುವುದನ್ನು ನೋಡಬಹುದು. ಬೇರೆ ಗುಡ್ಡಗಳಲ್ಲಿ ದಾರಿಹೋಕರು ಕಲ್ಲಿನ ಮೇಲೆ ಕಲ್ಲು ಪೇರಿಸಿ ಹರಕೆ ಕಟ್ಟಿದರೆ, ಇಲ್ಲಿ ಕುರುಬರು ಗವಿಯ ಬಳಿ ಉರುಳಿದ ಕಲ್ಲೊಂದನ್ನು ಎತ್ತಿ ಕೆಳಗೆ ಎಸೆದು ಹೋಗುತ್ತಾರೆ. ಬುಡದಲ್ಲಿರುವ ಒಂದು ಚಪ್ಪಡಿಗೆ ಸೊರಗು ಮರಿಗಳನ್ನು ತಂದು ಬಿಡುವ ಪದ್ಧತಿಯೂ ಉಳಿದಿದೆ. ತಂದವರು ತಮ್ಮದನ್ನು ಚಪ್ಪಡಿಯ ಮೇಲೆ ನಿಲ್ಲಿಸಿ, ಪಕ್ಕದವರ ಮರಿಯನ್ನು ಮೆಲ್ಲಗೆ ಒಂದು ಮಾರು ಹಿಂದಕ್ಕೆ ತಳ್ಳುತ್ತಾರೆ.